ಸಹಾಯ ಬೇಕು: ಮ್ಯಾಗ್ನೆಟೊ ಬದಲಿಸಿದ ಲಾಗ್‌ಬುಕ್ ಎಂಟ್ರಿ ಅರ್ಧಂಬರ್ಧ ಇದೆ, ಸರಿಪಡಿಸುವುದು ಹೇಗೆ?

ಅಮೆರಿಕದಲ್ಲಿ ನೋಂದಣಿಯಾದ ಸಿಂಗಲ್ ಎಂಜಿನ್ ಪಿಸ್ಟನ್ ವಿಮಾನ. ಎಡ ಮ್ಯಾಗ್ನೆಟೊ (ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗೆ ವಿದ್ಯುತ್ ಕೊಡುವ ಸಾಧನ) ಬದಲಿಸಿದ್ದು ಲೈಸೆನ್ಸ್ ಇಲ್ಲದ ಹೆಲ್ಪರ್, ಮೇಲ್ವಿಚಾರಣೆ ಎ ಆಂಡ್ ಪಿ (ವಿಮಾನದ ಒಡಲು, ಎಂಜಿನ್ ಎರಡಕ್ಕೂ ಸರ್ಟಿಫಿಕೇಟ್ ಇರುವ) ಮೆಕ್ಯಾನಿಕ್‌ನದು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎಯ ನಿರ್ವಹಣಾ ನಿಯಮ ಪಾರ್ಟ್ 43ರಲ್ಲಿ ಇದಕ್ಕೆ ಅಡ್ಡಿಯಿಲ್ಲ. ಆದರೆ ಮೆಕ್ಯಾನಿಕ್ ಬೇಕಾದಷ್ಟು ಕೆಲಸವನ್ನು ಕಣ್ಣಾರೆ ನೋಡಿರಬೇಕು, ಹೆಲ್ಪರ್ ಕೇಳಿದಾಗ ಖುದ್ದಾಗಿ ಸಿಗಬೇಕು. ಫೋನಿನಲ್ಲಿ ಸಿಕ್ಕರೆ ಸಾಲದು.

ಲಾಗ್‌ಬುಕ್‌ನಲ್ಲಿರುವುದು ಇಷ್ಟೇ: “ಎಡ ಮ್ಯಾಗ್ನೆಟೊ ಬದಲಿಸಿ ಟೈಮಿಂಗ್ ಮಾಡಲಾಗಿದೆ. ರನ್‌ಅಪ್ ಓಕೆ.” ಕೆಳಗೊಂದು ಸಹಿ. (ರನ್‌ಅಪ್ ಎಂದರೆ ನೆಲದಲ್ಲೇ ಎಂಜಿನ್ ಓಡಿಸಿ ನೋಡುವುದು.) ಕೆಲಸ ಮುಗಿದ ದಿನಾಂಕವಿಲ್ಲ, ಸರ್ಟಿಫಿಕೇಟ್ ನಂಬರ್ ಮತ್ತು ಅದರ ಬಗೆ ಇಲ್ಲ, ಕೆಲಸ ಮಾಡಿದವನ ಹೆಸರೂ ಇಲ್ಲ. ಪಾರ್ಟ್ 43ರಲ್ಲಿ ನಿರ್ವಹಣಾ ದಾಖಲೆಯ ನಿಯಮವಾದ 43.9 ಈ ನಾಲ್ಕನ್ನೂ ಕೇಳುತ್ತದೆ. ಬಿಚ್ಚಿದ ಮತ್ತು ಹಾಕಿದ ಮ್ಯಾಗ್ನೆಟೊಗಳ ಸೀರಿಯಲ್ ನಂಬರ್ ಬರೆಯಲೇಬೇಕೆಂದು ಅಲ್ಲಿ ಹೇಳಿಲ್ಲ, ನಿಜ. ಆದರೆ ನಾಳೆ ಸೀರಿಯಲ್ ನಂಬರ್ ಹಿಡಿದು ಎಡಿ (ಎಫ್‌ಎಎಯ ಕಡ್ಡಾಯ ಸುರಕ್ಷತಾ ಆದೇಶ) ಬಂದರೆ ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚಿ ಕನ್ನಡಿ ಹಿಡಿದು ಪ್ಲೇಟ್ ಓದಬೇಕಾಗುತ್ತದೆ.

ಹಳೆಯ ಸಾಲಿನ ಮೇಲೆ ವೈಟ್ನರ್ ಬಳಿಯುವುದಂತೂ ಬೇಡ. ಅದನ್ನು ಹಾಗೇ ಬಿಟ್ಟು, ಕೆಳಗೆ ತಿದ್ದುಪಡಿ ಎಂಟ್ರಿ ಬರೆಯುವಾಗ ಕೆಲಸ ಮುಗಿದ ದಿನ, ತಿದ್ದಿದ ದಿನ ಎರಡನ್ನೂ ಹೇಗೆ ತೋರಿಸುತ್ತೀರಿ? ಅಲ್ಲಿಯವರೆಗೆ ವಿಮಾನ ನೆಲದಲ್ಲೇ ಇರುತ್ತದೆ.

ಇನ್ನೊಂದು ತಲೆನೋವು: ಅದೇ ಹೆಲ್ಪರ್ ನೋಡಿದ 100 ಗಂಟೆ ತಪಾಸಣೆಗೂ ಸಹಿ ಹಾಕಿಕೊಡಿ ಎಂದು ಮಾಲೀಕರ ಒತ್ತಾಯ. ಮೇಲ್ವಿಚಾರಣೆಯ ವಿನಾಯಿತಿ ತಪಾಸಣೆಗೆ ಅನ್ವಯಿಸುವುದಿಲ್ಲ, ಮೆಕ್ಯಾನಿಕ್ಕೇ ಎಲ್ಲವನ್ನೂ ಮತ್ತೆ ನೋಡಬೇಕು. ಒಟ್ಟು ಹಾರಾಟದ ಗಂಟೆಯೂ ಸೇರಿದಂತೆ ತಪಾಸಣೆ ದಾಖಲೆಯ ನಿಯಮ 43.11ಕ್ಕೆ ಹೊಂದುವ ಎಂಟ್ರಿಯ ಮಾದರಿ ಇದ್ದರೆ ದಯವಿಟ್ಟು ಹಾಕಿ.