ಸುಂಡಿಲಿಗಳಲ್ಲಿ ಅಮೈಲೇಸ್ ಇಳಿದಿದೆ, ಗ್ರಂಥಿಯ ಬಾವು ಇಳಿದಿಲ್ಲ: ಯಾವುದನ್ನು ನಂಬಲಿ?

ಕುಂಬಳೆಯ ಸಂಶೋಧನಾ ವಿದ್ಯಾರ್ಥಿನಿ

ಬೇಸಿಗೆಯ ಕೊನೆಗೆ ನಮ್ಮ ಅಂಗಳದಲ್ಲಿ ಒಣಹಾಕುವ ಪುನರ್ಪುಳಿಯ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ಸಂಯುಕ್ತವಿದೆ. ಅದು ಉರಿಯೂತವನ್ನು ತಗ್ಗಿಸುತ್ತದೆಂದು ಜೀವಕೋಶಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿರುವುದರಿಂದ, ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ (ಪ್ಯಾಂಕ್ರಿಯಾಟೈಟಿಸ್) ಅದನ್ನು ಪರೀಕ್ಷಿಸಲು ಹೊರಟಿದ್ದೇನೆ. ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಪಡೆದು, ಸುಂಡಿಲಿಗಳಲ್ಲಿ ಆ ರೋಗ ಹುಟ್ಟಿಸಲು ಅವಕ್ಕೆ ಕಿಲೋಗ್ರಾಂ ದೇಹತೂಕಕ್ಕೆ 50 ಮೈಕ್ರೋಗ್ರಾಂನಂತೆ ಸೆರುಲೀನನ್ನು ಗಂಟೆಗೊಮ್ಮೆ, ಒಟ್ಟು 7 ಬಾರಿ ಹೊಟ್ಟೆಗೆ ಚುಚ್ಚಿದೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ ಗಾರ್ಸಿನಾಲನ್ನು ಮೊದಲ ಚುಚ್ಚುಮದ್ದಿಗೆ ಒಂದು ಗಂಟೆ ಮುಂಚೆ ಕೊಟ್ಟಿದ್ದೆ. ಹೋಲಿಕೆಯ ಗುಂಪಿಗೆ ಅದರ ಬದಲು ಲವಣದ್ರಾವಣ ಕೊಟ್ಟಿದ್ದೆ. ಔಷಧ ಪಡೆದ ಗುಂಪಿನಲ್ಲಿ ರಕ್ತದ ಅಮೈಲೇಸ್ (ಗ್ರಂಥಿ ಕೆಟ್ಟಾಗ ರಕ್ತದಲ್ಲಿ ಏರುವ ಜೀರ್ಣಕಿಣ್ವ) ಸ್ಪಷ್ಟವಾಗಿ ಕಡಿಮೆಯಿದೆ. ಆದರೆ ಹೊಟ್ಟೆ ತೆರೆದು ನೋಡಿದರೆ ಎರಡೂ ಗುಂಪುಗಳ ಗ್ರಂಥಿ ನೀರು ತುಂಬಿಕೊಂಡು, ನೆನೆದ ಸಾಬಕ್ಕಿಯಂತೆ ಉಬ್ಬಿದೆ. ಇದನ್ನು ಹೇಗೆ ಅರ್ಥೈಸಬೇಕು?

ಬದಿಯಡ್ಕದವನು, ಔಷಧಶಾಸ್ತ್ರ ಅಧ್ಯಾಪಕ

ಮೊದಲು ದ್ರಾವಕದ ವಿಚಾರ. ಡಿಎಂಎಸ್‌ಒ ಬರಿಯ ದ್ರಾವಕವಲ್ಲ; ಜೀವಕೋಶಗಳಿಗೆ ಹಾನಿ ಮಾಡುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹಿಡಿದುಹಾಕುವ, ತಾನಾಗಿಯೇ ಉರಿಯೂತ ತಗ್ಗಿಸಬಲ್ಲ ವಸ್ತು. ಹೋಲಿಕೆಯ ಗುಂಪಿಗೆ ಲವಣದ್ರಾವಣ ಕೊಟ್ಟಿರುವುದರಿಂದ, ಇಳಿದ ಅಮೈಲೇಸ್ ಗಾರ್ಸಿನಾಲಿನ ಫಲವೋ ಡಿಎಂಎಸ್‌ಒದ ಫಲವೋ ಎಂದು ಹೇಳಲು ನಿಮ್ಮಲ್ಲಿ ಆಧಾರವೇ ಇಲ್ಲ. ಇನ್ನೊಂದು ಸಣ್ಣ ಸಂದೇಹ: ಅಮೈಲೇಸ್ ಕಿಟ್‌ಗಳಲ್ಲಿ ಹಲವು 405 ನ್ಯಾನೋಮೀಟರಿನಲ್ಲಿ ಹಳದಿ ಬಣ್ಣವನ್ನೇ ಅಳೆಯುತ್ತವೆ, ನಿಮ್ಮ ಸಂಯುಕ್ತವೂ ಹಳದಿ. ಆರೋಗ್ಯವಂತ ಪ್ರಾಣಿಯ ಸೀರಮ್ಮಿಗೆ ಗಾರ್ಸಿನಾಲ್ ಬೆರೆಸಿ ಒಮ್ಮೆ ಓದಿ ನೋಡಿ. ಅದಕ್ಕೆ ಹೊಸ ಇಲಿ ಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ತೊಡಕು ನೀವು ಔಷಧ ಕೊಟ್ಟ ಹೊತ್ತಿನದು. ಆಸ್ಟ್ರೇಲಿಯಾದ ಒಂದು ಹಸಿರು ಮರಗಪ್ಪೆಯ ಚರ್ಮದಲ್ಲಿ ಮೊದಲು ಸಿಕ್ಕ ಈ ಸೆರುಲೀನ್, ಜೀರ್ಣರಸ ಸುರಿಸುವಂತೆ ಗ್ರಂಥಿಗೆ ಹೇಳುವ ಕೊಲೆಸಿಸ್ಟೊಕಿನಿನ್ ಹಾರ್ಮೋನಿನ ವೇಷ ಹಾಕಿ, ಅದೇ ಗ್ರಾಹಕದ ಮೂಲಕ ಗ್ರಂಥಿಯನ್ನು ಅತಿಯಾಗಿ ಕೆರಳಿಸುತ್ತದೆ. ಮುಂಚೆಯೇ ಕೊಟ್ಟ ಔಷಧವು ಆ ಕೆರಳಿಕೆಯನ್ನೇ ಮಂಕಾಗಿಸಿದರೂ ಅಮೈಲೇಸ್ ಇಳಿಯುತ್ತದೆ, ಉರಿಯೂತಕ್ಕೂ ಅದಕ್ಕೂ ಸಂಬಂಧವಿರಬೇಕೆಂದಿಲ್ಲ. ರೋಗಿಯಾದರೋ ಹೊಟ್ಟೆನೋವು ಶುರುವಾಗಿ ಎಷ್ಟೋ ಗಂಟೆಗಳಾದ ಮೇಲೆಯೇ ಆಸ್ಪತ್ರೆಗೆ ಬರುವುದು. ಔಷಧವನ್ನು ಮೂರನೆಯ ಅಥವಾ ನಾಲ್ಕನೆಯ ಚುಚ್ಚುಮದ್ದಿನ ನಂತರ ಕೊಡುವ ಗುಂಪೊಂದು ಇರಲೇಬೇಕು.

ಕಾಸರಗೋಡಿನ ರೋಗಲಕ್ಷಣಶಾಸ್ತ್ರಜ್ಞೆ

ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಅಮೈಲೇಸನ್ನು ನಾನು ರೋಗ ಹುಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಒಪ್ಪುತ್ತೇನೆ, ರೋಗ ಎಷ್ಟು ಗಂಭೀರ ಎಂಬುದಕ್ಕಲ್ಲ. ಎಲ್-ಆರ್ಜಿನಿನ್ ಎಂಬ ಅಮೈನೋ ಆಮ್ಲ ಚುಚ್ಚಿ ರೋಗ ಹುಟ್ಟಿಸುವ ಮಾದರಿಯಲ್ಲಂತೂ ಕಿಣ್ವ ತಯಾರಿಸುವ ಕೋಶಗಳೇ ಸತ್ತುಹೋಗುವುದರಿಂದ ಅಂಕಿ ಇಳಿದಷ್ಟೂ ಮೋಸವಾಗಬಹುದು. ಗ್ರಂಥಿಯ ತೂಕವನ್ನು ದೇಹತೂಕಕ್ಕೆ ಹೋಲಿಸಿ, ಮೈಲೋಪೆರಾಕ್ಸಿಡೇಸ್ ಕಿಣ್ವವನ್ನು ಅಳೆದು, ಅದನ್ನು ಹೊತ್ತ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಎಷ್ಟು ನುಗ್ಗಿವೆ ನೋಡಿ, ಉರಿಯೂತ ಹಬ್ಬಬಹುದಾದ ಶ್ವಾಸಕೋಶವನ್ನೂ ಮರೆಯಬೇಡಿ. ಗ್ರಂಥಿಯ ಸೂಕ್ಷ್ಮದರ್ಶಕ ಸ್ಲೈಡುಗಳನ್ನು ಯಾವ ಗುಂಪಿನದೆಂದು ಗೊತ್ತಿಲ್ಲದವರೇ ಓದಿ ಅಂಕ ಕೊಡಬೇಕು. ನಾನೇ ಒಮ್ಮೆ ಗುರುತಿನ ಚೀಟಿ ಕಾಣುತ್ತಿದ್ದ ಸ್ಲೈಡುಗಳನ್ನು ಓದಿ, ವಾರದ ಬಳಿಕ ಚೀಟಿ ಮುಚ್ಚಿ ಮತ್ತೆ ಓದಿದಾಗ ಔಷಧದ ಗುಂಪಿಗೆ ಮೊದಲು ಧಾರಾಳವಾಗಿ ಅಂಕ ಕೊಟ್ಟಿದ್ದೆನೆಂದು ತಿಳಿದು ನಾಚಿದ್ದೆ.

ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ್ದ ಲೆಕ್ಸಿಪಾಫಾಂಟ್ ಎಂಬ ಔಷಧ, ಇದೇ ರೋಗದ 290 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಗವೈಫಲ್ಯವನ್ನು ತಗ್ಗಿಸಲಿಲ್ಲ. ಸೆರುಲೀನ್ ಕೊಟ್ಟ ಸುಂಡಿಲಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಗುಣವಾಗುವುದರಿಂದ, ಒಂದೇ ಮಾದರಿಯನ್ನು ನೆಚ್ಚಿ ಪ್ರಬಂಧ ಬರೆಯಬೇಡಿ.

ಕುಂಬಳೆಯ ಸಂಶೋಧನಾ ವಿದ್ಯಾರ್ಥಿನಿ

ಇಬ್ಬರಿಗೂ ಕೃತಜ್ಞಳು. ಲವಣದ್ರಾವಣದ ತಪ್ಪು ನನ್ನದೇ. ಸೀರಮ್ ಬೆರೆಸಿ ನೋಡುವ ಕೆಲಸವನ್ನು ಸೋಮವಾರವೇ ಮಾಡುತ್ತೇನೆ. ಡಿಎಂಎಸ್‌ಒ ಮಾತ್ರ ಪಡೆಯುವ ಗುಂಪು ಮತ್ತು ತಡವಾಗಿ ಔಷಧ ಪಡೆಯುವ ಗುಂಪುಗಳಿಗೆ ಹೆಚ್ಚುವರಿ ಪ್ರಾಣಿಗಳು ಬೇಕಾಗುವುದರಿಂದ ಸಮಿತಿಗೆ ತಿದ್ದುಪಡಿ ಅರ್ಜಿ ಬರೆಯುತ್ತಿದ್ದೇನೆ. ನೋವುನಿವಾರಕವಾಗಿ ಬ್ಯುಪ್ರೆನಾರ್ಫಿನನ್ನು ಎಲ್ಲ ಗುಂಪುಗಳಿಗೂ ಒಂದೇ ಪ್ರಮಾಣದಲ್ಲಿ ಕೊಡುವುದಾಗಿ ಅದರಲ್ಲೇ ಸೇರಿಸುತ್ತೇನೆ.