ಅಪ್ಪನಿಗೆ ವೆಂಟಿಲೇಟರ್ ಬೇಡ ಅಂದ್ರೆ ತಪ್ಪಾಗುತ್ತಾ? ಸಂಜೆಯೊಳಗೆ ಹೇಳ್ಬೇಕಂತೆ

ಹಾಸನದ ಮಗಳು:
ಅಪ್ಪನಿಗೆ 71. ಶ್ವಾಸಕೋಶದ ಕ್ಯಾನ್ಸರ್, ಲಿವರ್‌ಗೂ ಹರಡಿದೆ, ಕೀಮೋ ನಿಲ್ಲಿಸಿ ಎರಡು ತಿಂಗಳಾಯ್ತು. ಮೊನ್ನೆ ರಾತ್ರಿ ಉಸಿರಾಡೋಕೆ ಆಗ್ದೆ ಬೆಂಗಳೂರಿನ ಒಂದು ಆಸ್ಪತ್ರೆಗೆ ತಂದ್ವಿ, ಐಸಿಯುನಲ್ಲಿದ್ದಾರೆ, ಮುಖಕ್ಕೆ ಮಾಸ್ಕ್ ಇದೆ, ಕರೆದ್ರೆ ಕಣ್ಣು ಬಿಟ್ಟು ಗುರುತು ಹಿಡೀತಾರೆ. ಬೆಳಿಗ್ಗೆ ಡ್ಯೂಟಿ ಡಾಕ್ಟ್ರು ಬಾಗಿಲ ಹತ್ರ ನಿಂತೇ "ಜಾಸ್ತಿ ಆದ್ರೆ ಟ್ಯೂಬ್ ಹಾಕ್ಬೇಕಾ, ಸಂಜೆಯೊಳಗೆ ಹೇಳಿ" ಅಂದು ಹೋದ್ರು. ಬೇಡ ಅಂದ್ರೆ ಸೈನ್ ಹಾಕಿ ಕರ್ಕೊಂಡು ಹೋಗಿ ಅಂತಾರೆ. ಒಳಗೆ ಬಿಡೋದು ದಿನಕ್ಕೆ ಎರಡು ಸಲ, ಹತ್ತ್ಹತ್ತು ನಿಮಿಷ. ಅಮ್ಮ ಗಂಗಾಜಲದ ಗಿಂಡಿ ಬ್ಯಾಗಲ್ಲಿಟ್ಕೊಂಡು ಹೊರಗೆ ಕೂತಿದ್ದಾರೆ. ಅಣ್ಣ ಎಲ್ಲಾ ಮಾಡಿಸೋಣ ಅಂತಾನೆ. ಏನ್ ಹೇಳ್ಲಿ?

ನೈಟ್ ಡ್ಯೂಟಿ:
ಅಕ್ಕ, ನಾನು ಐಸಿಯು ನರ್ಸ್, 9 ವರ್ಷ ಆಯ್ತು. ಗುರುತು ಹಿಡೀತಾರೆ ಅಂದ್ರಲ್ಲ, ಹಾಗಾದ್ರೆ ಅವರನ್ನೇ ಯಾರಾದ್ರೂ ಕೇಳಿದ್ರಾ? ಪ್ರಜ್ಞೆ ಇರೋ ರೋಗಿ ಈ ಚಿಕಿತ್ಸೆ ನಂಗೆ ಬೇಡ ಅನ್ನಬಹುದು, ನಾವೆಲ್ಲ ಬಾಗಿಲಾಚೆ ಮನೆಯವರನ್ನ ಕೇಳ್ತಾ ಇರ್ತೀವಿ. ಮುಖ್ಯ ಡಾಕ್ಟರ್ ಹತ್ರ ಕೂತು ಮಾತಾಡ್ಬೇಕು ಅಂತ ಹಟ ಹಿಡೀರಿ, ಅಣ್ಣನೂ ಇರ್ಲಿ, ಟ್ಯೂಬ್ ಹಾಕಿದ್ರೆ ಮತ್ತೆ ತೆಗೆಯೋ ಸ್ಥಿತಿಗೆ ಬರ್ತಾರಾ ಅಂತ ನೇರವಾಗಿ ಕೇಳಿ. ಪ್ಯಾಲಿಯೇಟಿವ್ ಡಾಕ್ಟರನ್ನ, ಅಂದ್ರೆ ನೋವು, ಒದ್ದಾಟ ಕಡಿಮೆ ಮಾಡೋಕೆ ನೋಡ್ಕೊಳ್ಳೋ ಡಾಕ್ಟರನ್ನ, ಕರೆಸಿ ಅನ್ನಿ. ಸಣ್ಣ ಡೋಸ್ ಮಾರ್ಫಿನ್ ಕೊಟ್ರೆ ನೋವಿಗಷ್ಟೇ ಅಲ್ಲ, ಉಸಿರಿಗೆ ಒದ್ದಾಡೋದೂ ಕಡಿಮೆ ಆಗುತ್ತೆ. ಟ್ಯೂಬ್ ಬೇಡ ಅನ್ನೋದು ಆರೈಕೆ ಬೇಡ ಅಂದ ಹಾಗಲ್ಲ.

ಕುಣಿಗಲ್ ರೋಡ್:
ದಯವಿಟ್ಟು ಸೈನ್ ಹಾಕಿ ಹಾಗೇ ಕರ್ಕೊಂಡು ಹೋಗ್ಬೇಡಿ. ನಮ್ಮಮ್ಮನ್ನ ಹಾಗೇ ಹೊರಡಿಸಿದ್ವಿ, ಔಷಧಿ ಚೀಟಿ ಕೂಡ ಕೊಡ್ಲಿಲ್ಲ, ಕುಣಿಗಲ್ ದಾಟೋ ಹೊತ್ತಿಗೆ ಆಂಬುಲೆನ್ಸಲ್ಲಿ ಆಕ್ಸಿಜನ್ ಮುಗೀತು, ಆ ಕೊನೇ ಮೂವತ್ತು ಕಿಲೋಮೀಟರ್ ನಂಗೆ ಇವತ್ತಿಗೂ ನಿದ್ದೆಗೆಡಿಸುತ್ತೆ. ಮನೇಲೇ ಹೋಗ್ಬೇಕು ಅನ್ನೋ ಆಸೆ ತಪ್ಪಲ್ಲ, ಆದ್ರೆ ಔಷಧಿ, ಆಕ್ಸಿಜನ್, ರಾತ್ರಿ ಫೋನ್ ಎತ್ತೋ ಒಬ್ಬ ಡಾಕ್ಟ್ರು ಇಷ್ಟನ್ನ ಮೊದ್ಲು ಹೊಂದಿಸ್ಕೊಳ್ಳಿ. ಮಾವನ ಟೈಮಲ್ಲಿ ಮಾರತ್‌ಹಳ್ಳಿ ಹತ್ರ ಕರುಣಾಶ್ರಯಕ್ಕೆ ಸೇರಿಸಿದ್ವಿ. ಕೈಮೀರಿದ ಕ್ಯಾನ್ಸರ್‌ನವರಿಗೇ ಅಂತ ಇರೋದು, ದುಡ್ಡು ತಗೊಳ್ಳಲ್ಲ. ಒಂದು ಫೋನ್ ಮಾಡಿ ನೋಡಿ.

ಕೋರ್ಟ್ ಕಟ್ಟೆ:
ಕಾನೂನಿನ ಮಾತು ಸ್ವಲ್ಪ. ಗುಣವಾಗೋ ಆಸೆ ಇಲ್ಲದವರಿಗೆ ಜೀವರಕ್ಷಕ ಯಂತ್ರ ಹಾಕದೇ ಇರಬಹುದು, ಹಾಕಿದ್ದನ್ನ ತೆಗೀಬಹುದು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, 2023ರಲ್ಲಿ ನಿಯಮ ಸರಳ ಮಾಡ್ತು. 2025ರ ಜನವರಿ ಕೊನೆಗೆ ನಮ್ಮ ಆರೋಗ್ಯ ಇಲಾಖೆನೂ ಅದನ್ನ ಜಾರಿ ಮಾಡೋಕೆ ಸುತ್ತೋಲೆ ಹೊರಡಿಸ್ತು. ರೋಗಿ ಹೇಳೋ ಸ್ಥಿತೀಲಿಲ್ಲ ಅಂದ್ರೆ ಮೂರು ಮೂರು ಡಾಕ್ಟರ್‌ಗಳ ಎರಡು ಬೋರ್ಡ್ ನೋಡ್ಬೇಕು, ಮನೆಯವರ ಒಪ್ಪಿಗೆನೂ ಬೇಕು. ಒಂದೊಂದು ಬೋರ್ಡೂ ಆದಷ್ಟು 48 ಗಂಟೆಯೊಳಗೆ ಹೇಳ್ಬೇಕು ಅಂತಿದೆ. ಆದ್ರಿಂದ ತಡ ಮಾಡ್ದೆ ಅಪ್ಪನ ಮಾತನ್ನ ಡಾಕ್ಟ್ರ ಎದುರೇ ಕೇಳಿಸಿ ಕೇಸ್ ಶೀಟಲ್ಲಿ ಬರೆಸಿ.

ಹಾಸನದ ಮಗಳು:
ನಾಲ್ಕು ಗಂಟೆಗೆ ದೊಡ್ಡ ಡಾಕ್ಟ್ರು ಕೂರಿಸಿ ಮಾತಾಡಿದ್ರು. ಅವರ ಎದುರೇ ಅಪ್ಪನ್ನ ಕೇಳಿದ್ವಿ, ಟ್ಯೂಬ್ ಅಂದಿದ್ದಕ್ಕೆ ಎರಡು ಸಲ ತಲೆ ಅಲ್ಲಾಡಿಸಿ ಬೇಡ ಅಂದ್ರು, ಆಮೇಲೆ ಕೈ ಎತ್ತಿ ಬಾಗಿಲ ಕಡೆ ತೋರಿಸಿದ್ರು. ಮನೆಗಾ ಅಂದೆ, ಅಲ್ಲ, ಅಮ್ಮನ್ನ ಕರೀ ಅಂತ. ಅಣ್ಣ ಏನೂ ಮಾತಾಡ್ಲಿಲ್ಲ, ಅತ್ತ. ಈಗ ವಾರ್ಡಲ್ಲಿ ಮೂಲೆ ರೂಮ್ ಕೊಟ್ಟಿದ್ದಾರೆ, ಮಾರ್ಫಿನ್ ಶುರು ಮಾಡಿದ್ದಾರೆ, ಒದ್ದಾಟ ಕಡಿಮೆ ಇದೆ. ಅಮ್ಮ ಪಕ್ಕದಲ್ಲೇ ಕೂತು ಹತ್ತೀಲಿ ತುಟಿ ಒದ್ದೆ ಮಾಡ್ತಿದ್ದಾರೆ.