ಅಪ್ಪನ ತೂಕ ಏರಿದರೆ ಅದನ್ನು ನೋಡುವವರು ಯಾರು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಪ್ಪನಿಗೆ 71 ವರ್ಷ. ಹಾರ್ಟ್ ಫೇಲ್ಯೂರ್ ಆಗಿ ಈ ವರ್ಷ ಎರಡು ಸಲ ಅಡ್ಮಿಟ್ ಆಗಿದ್ದಾರೆ. ಈಗ ಆಸ್ಪತ್ರೆಯವರು ಒಂದು ಸಂಶೋಧನೆಗೆ ಸೇರಿಸಿ ಅಂತ ಕೇಳುತ್ತಿದ್ದಾರೆ. ತೂಕದ ಮೆಷಿನ್, ಬಿಪಿ ಮೆಷಿನ್, ಒಂದು ಟ್ಯಾಬ್ ಮನೆಗೇ ಕೊಡುತ್ತಾರಂತೆ. ದಿನಾ ಬೆಳಿಗ್ಗೆ ರೀಡಿಂಗ್ ತಾನಾಗಿಯೇ ಅವರಿಗೆ ಹೋಗುತ್ತದಂತೆ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ, ಇಲ್ಲ ಸುಮ್ನೆ ಅಪ್ಪನ ಮೇಲೆ ಪ್ರಯೋಗ ಮಾಡುತ್ತಾರಾ?

ಉತ್ತರ: ನಮಸ್ಕಾರ. ಇಂಥ ಅಧ್ಯಯನಗಳೇ ನನ್ನ ಕೆಲಸ, ಆದ್ದರಿಂದ ನನ್ನ ಮಾತಲ್ಲಿ ಒಲವು ಸ್ವಲ್ಪ ಜಾಸ್ತಿ ಇರಬಹುದು. ಮೊದಲೇ ಹೇಳಿಬಿಡುತ್ತೇನೆ.

ಮೆಷಿನ್ ಯಾವ ಕಂಪನಿಯದು ಅನ್ನುವುದು ಆಮೇಲಿನ ಮಾತು. ಈ ಕಾಯಿಲೆಯಲ್ಲಿ ಮೈಯಲ್ಲಿ ನೀರು ತುಂಬಿದರೆ ತೂಕ ಏರುತ್ತದೆ. ಅಪ್ಪನ ತೂಕ ಹಾಗೆ ಏರಿದ ದಿನ ಆ ರೀಡಿಂಗ್ ಯಾರು ನೋಡುತ್ತಾರೆ? ಎಷ್ಟು ಹೊತ್ತಿನಲ್ಲಿ ನಿಮಗೆ ಫೋನ್ ಮಾಡುತ್ತಾರೆ? ಮಾತ್ರೆ ಹೆಚ್ಚು ಕಡಿಮೆ ಮಾಡಲು ಅವರಿಗೆ ಆಗುತ್ತದಾ? ಸಹಿ ಹಾಕುವ ಮೊದಲು ಇದನ್ನು ಕೇಳಿ.

ಯಾಕೆ ಅಂದರೆ, ಇದೇ ಕಾಯಿಲೆಗೆ ನಡೆದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಬೇರೆ ಬೇರೆ ಬಂದಿದೆ. ಅಮೆರಿಕದ ಟೆಲಿ-ಎಚ್‌ಎಫ್ ಫಲಿತಾಂಶ 2010ರಲ್ಲಿ ಬಂತು. 1,653 ರೋಗಿಗಳು. ಒಂದು ಗುಂಪಿನವರು ದಿನಾ ಒಂದು ನಂಬರಿಗೆ ಫೋನ್ ಮಾಡಿ, ರೆಕಾರ್ಡ್ ಮಾಡಿದ ದನಿ ಕೇಳಿದ ಪ್ರಶ್ನೆಗೆ ಬಟನ್ ಒತ್ತಿ ಉತ್ತರ ಕೊಡಬೇಕಿತ್ತು. ಆರು ತಿಂಗಳಲ್ಲಿ ಮತ್ತೆ ಅಡ್ಮಿಟ್ ಆದವರು ಅಥವಾ ತೀರಿಕೊಂಡವರು ಆ ಗುಂಪಿನಲ್ಲಿ ಶೇ. 52.3, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 51.5. ಏನೂ ವ್ಯತ್ಯಾಸ ಇಲ್ಲ! ಶೇ. 14 ಜನ ಒಂದು ಸಲವೂ ಫೋನ್ ಮಾಡಿರಲಿಲ್ಲ. ಅವರನ್ನು ಬೈಯಲಾರೆ. ದಿನಾ ಮೆಷಿನ್ ಜೊತೆ ಮಾತಾಡು ಅಂದರೆ ನನಗೂ ಬೇಜಾರಾಗುತ್ತದೆ.

ಜರ್ಮನಿಯ ಟಿಮ್-ಎಚ್‌ಎಫ್2, 2018. ಸುಮಾರು 1,500 ರೋಗಿಗಳು. ತೂಕ, ಬಿಪಿ, ಇಸಿಜಿ ದಿನಾ ಒಂದು ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಹಗಲು ರಾತ್ರಿ ಡಾಕ್ಟರು, ನರ್ಸ್ ಕೂತಿರುತ್ತಿದ್ದರು. ಒಂದು ವರ್ಷದ ಲೆಕ್ಕದಲ್ಲಿ 100 ಜನರಿಗೆ ಸಾವು ಸುಮಾರು 8. ಮಾಮೂಲಿ ಗುಂಪಿನಲ್ಲಿ ಸುಮಾರು 11. ಎರಡರ ರೋಗಿಗಳೂ ಒಂದೇ ಥರದವರಲ್ಲ, ನಿಜ. ಆದರೂ ನನ್ನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಆ ಕೂತಿದ್ದ ಜನರೇ.

ಇನ್ನೊಬ್ಬರು: ಅಮ್ಮನಿಗೆ ಸ್ಮಾರ್ಟ್‌ಫೋನ್ ಮುಟ್ಟಲೂ ಭಯ. ಬಟನ್ ಫೋನ್ ಇರುವವರಿಗೆ ಇದೆಲ್ಲ ಇಲ್ಲವೇ ಇಲ್ಲ, ಅಲ್ವಾ?

ಉತ್ತರ: ಇದೆಯಮ್ಮ. ನನಗೆ ತುಂಬಾ ಇಷ್ಟವಾದ ಅಧ್ಯಯನ ಬಟನ್ ಫೋನಿನದೇ. ಕೀನ್ಯಾದಲ್ಲಿ ಎಚ್‌ಐವಿ ಮಾತ್ರೆ ಶುರು ಮಾಡಿದ 538 ಜನ. ಅರ್ಧದಷ್ಟು ಜನರಿಗೆ ನರ್ಸ್ ವಾರಕ್ಕೊಂದು ಎಸ್ಸೆಮ್ಮೆಸ್ ಕಳಿಸುತ್ತಿದ್ದರು: ‘ಮಾಂಬೊ?’ ಅಂದರೆ ಸ್ವಾಹಿಲಿಯಲ್ಲಿ ‘ಹೇಗಿದ್ದೀರಿ?’ ಅಷ್ಟೇ. ಮಾತ್ರೆಯ ಸುದ್ದಿಯೇ ಇಲ್ಲ. ಚೆನ್ನಾಗಿದ್ದರೆ ‘ಸಾವಾ’, ತೊಂದರೆ ಇದ್ದರೆ ‘ಶೀಡಾ’ ಅಂತ ಎರಡು ದಿನದೊಳಗೆ ಉತ್ತರ ಕೊಡಬೇಕು. ‘ಶೀಡಾ’ ಅಂದವರಿಗೂ ಸುಮ್ಮನಿದ್ದವರಿಗೂ ನರ್ಸ್ ಫೋನ್ ಮಾಡುತ್ತಿದ್ದರು. ವರ್ಷದ ಕೊನೆಗೆ ವೈರಸ್ ಹತೋಟಿಗೆ ಬಂದವರು ಶೇ. 57. ಎಸ್ಸೆಮ್ಮೆಸ್ ಇಲ್ಲದ ಗುಂಪಿನಲ್ಲಿ ಶೇ. 48.

ಪ್ರಶ್ನೆ: ಡಾಕ್ಟ್ರೇ, ಮತ್ತೆ ನಾನೇ. ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರಂತೆ. ಅಪ್ಪನಿಗೆ ಮೆಷಿನ್ ಸಿಗದೇ ಹೋದರೆ? ಎಲ್ಲರಿಗೂ ಕೊಟ್ಟು ನೋಡಬಾರದಾ?

ಉತ್ತರ: ಕೊಟ್ಟರೆ ನಮಗೆ ನಾವೇ ಟೋಪಿ ಹಾಕಿಕೊಂಡಂತೆ. ಇಂಗ್ಲೆಂಡಿನಲ್ಲಿ 527 ಜನರ ಒಂದು ಅಧ್ಯಯನ ಇದೆ, 2010ರದ್ದು. ಒಂದು ಗುಂಪು ಮನೆಯಲ್ಲೇ ಬಿಪಿ ನೋಡಿಕೊಂಡು, ಡಾಕ್ಟರ ಜೊತೆ ಮೊದಲೇ ಒಪ್ಪಿಕೊಂಡ ಹಾಗೆ ಮಾತ್ರೆ ಬದಲಿಸಿಕೊಂಡಿತು. ವರ್ಷದಲ್ಲಿ ಮೇಲಿನ ಬಿಪಿ 17.6 ಇಳಿಯಿತು. ಭಲೇ ಅನ್ನಿಸುತ್ತದೆ, ಅಲ್ವಾ? ಆದರೆ ಮಾಮೂಲಿ ಗುಂಪಿನಲ್ಲೂ 12.2 ಇಳಿದಿತ್ತು. ಹಾಗಾಗಿ ಮನೆ ಅಳತೆಯಿಂದ ಬಂದ ಲಾಭ 5.4. ಇದೂ ಒಳ್ಳೆಯ ಲಾಭವೇ, ಆದರೆ 17.6 ಅಲ್ಲ. ಎರಡನೇ ಗುಂಪು ಇರದಿದ್ದರೆ ಅಷ್ಟೂ ಮೆಷಿನ್ ಖಾತೆಗೆ ಹೋಗುತ್ತಿತ್ತು.

ಮೆಷಿನ್ ಸಿಗದಿದ್ದರೂ ಅಪ್ಪನ ಈಗಿನ ಚಿಕಿತ್ಸೆ ನಿಲ್ಲಬಾರದು. ಬೇಡ ಅನಿಸಿದ ದಿನ ಕಾರಣ ಹೇಳದೆ ಹೊರಗೆ ಬರಬಹುದು. ಒಪ್ಪಿಗೆ ಪತ್ರದಲ್ಲಿ ಈ ಎರಡೂ ಇದೆಯಾ ನೋಡಿ.

ಪ್ರಶ್ನೆ: ವಿಚಾರಿಸಿದೆ ಡಾಕ್ಟ್ರೇ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಒಬ್ಬರು ನರ್ಸ್ ನೋಡುತ್ತಾರಂತೆ. ಭಾನುವಾರ ಯಾರೂ ಇಲ್ಲ.

ಉತ್ತರ: ಮುಚ್ಚಿಡದೆ ಹೇಳಿದ್ದಾರೆ, ಒಳ್ಳೆಯದು. ನಾನಾಗಿದ್ದರೆ ಸೇರಿಸುತ್ತಿದ್ದೆ, ಆದರೆ ಟ್ಯಾಬನ್ನೇ ನಂಬಿ ಕೂರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ. ಒಂದು ಪುಸ್ತಕದಲ್ಲೂ ಬರೆದಿಡಿ. ಮೂರು ದಿನದಲ್ಲಿ 2 ಕೆಜಿಗಿಂತ ಜಾಸ್ತಿ ಏರಿದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಲಕ್ಷಣ ಇರಬಹುದು. ಅವರ ಫೋನಿಗೆ ಕಾಯಬೇಡಿ, ನೀವೇ ಮಾಡಿ. ಮಲಗಿದಾಗ ಉಸಿರು ಕಟ್ಟಿದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಭಾನುವಾರವಾದರೂ ಸರಿ.